ಎಂಟನೇ ತಿಂಗಳ ಎಂಟನೇ ದಿನ

ಬಸ್ಸು ನಿಂತ ಸದ್ದು ಕೇಳಿದರೆ ಸಾಕು, ಬಾವ್‌ಲಿಯನ್ ಕತ್ತರಿ ಕೆಳಗಿಟ್ಟು ಬಾಗಿಲಿಗೆ ಬಂದುಬಿಡುತ್ತಾಳೆ. ಅರವತ್ತಮೂರು ವರ್ಷದ ಹೆಂಗಸು. ಮಂಡಿನೋವಿದೆ, ಆದರೆ ಆ ಹೊತ್ತಿಗೆ ಅದು ಎಲ್ಲಿ ಹೋಗಿ ಅಡಗುತ್ತದೋ ಅವಳಿಗೇ ಗೊತ್ತಿಲ್ಲ. ಬಸ್ಸಿನಿಂದ ಇಳಿಯುವವರು ತೈವಾನಿನಿಂದ ಬಂದ ಮುದುಕರು, ಒಂದು ಕಾಲಕ್ಕೆ ಈ ಕಿನ್ಮೆನ್ ದ್ವೀಪದಲ್ಲಿ ಸಿಪಾಯಿಗಳಾಗಿದ್ದವರು. ಹೆಂಡತಿಯರನ್ನು ಕಡಲೆ ಮಿಠಾಯಿ ಅಂಗಡಿಗೆ ಕಳಿಸಿ, ತಾವು ಮಾತ್ರ ಶಾನ್ವಾಯ್ ಪೇಟೆಯ ಬೀದಿಯಲ್ಲಿ ಕಣ್ಣು ಕಿರಿದು ಮಾಡಿಕೊಂಡು ತಮ್ಮ ಇಪ್ಪತ್ತನೇ ವಯಸ್ಸನ್ನು ಹುಡುಕುತ್ತ ನಿಲ್ಲುತ್ತಾರೆ.

"ಯಾವ ನೆಲೆ?" ಎನ್ನುವುದೇ ಅವಳ ಮೊದಲ ಮಾತು. ಊಟ ಆಯ್ತೇ ಎಂದೂ ಕೇಳುವುದಿಲ್ಲ. ಶಿಲಿಂಗ್ ಗುಡ್ಡ ಎಂದನೋ, ಆ ಮುದುಕನ ಕಥೆ ಮುಗಿದಂತೆ. ತೋಳು ಹಿಡಿದು ಒಳಗೆಳೆದು ಸ್ಟೂಲಿನ ಮೇಲೆ ಕೂರಿಸಿದಳೆಂದರೆ ಬಸ್ಸಿನವನು ಹಾರ್ನ್ ಹೊಡೆದು ಹೊಡೆದು ಸುಸ್ತಾಗುವ ತನಕ ಬಿಡುವುದಿಲ್ಲ.

ಹದಿನೈದಕ್ಕೇ ಹೊಲಿಗೆ ಯಂತ್ರದ ಮುಂದೆ ಕೂತವಳು ಬಾವ್‌ಲಿಯನ್. ಆಗ ದ್ವೀಪದಲ್ಲಿ ಎಲ್ಲಿ ನೋಡಿದರೂ ಸಿಪಾಯಿಗಳೇ. ಅವರ ಅಂಗಿಯ ಎದೆಗೆ ಹೆಸರಿನ ಪಟ್ಟಿ ಹೊಲಿಯುವುದು, ಜೋಲುವ ಪ್ಯಾಂಟು ಚಿಕ್ಕದು ಮಾಡುವುದು ಅವಳ ಕೆಲಸ. ಮೂವತ್ತು ವರ್ಷ ಅದರಲ್ಲೇ ಹೊಟ್ಟೆ ತುಂಬಿತು. ಆಮೇಲೆ ಸೈನ್ಯ ಸ್ವಲ್ಪ ಸ್ವಲ್ಪವಾಗಿ ತೈವಾನಿಗೆ ಹಿಂದಿರುಗಿತು. ಶಿಲಿಂಗ್ ಗುಡ್ಡದ ಹೊಟ್ಟೆಯೊಳಗೆ ಕೊರೆದ ಸುರಂಗದ ನೆಲೆಗೂ ಬೀಗ ಬಿತ್ತು. ಅದರ ನಕ್ಷೆ ಯಾರ ಬಳಿಯೂ ಇರಲಿಲ್ಲ, ಇದ್ದವರು ಕೊಡಲಿಲ್ಲ. ಹಾಗಾದರೆ ನಾನೇ ಮಾಡುತ್ತೇನೆ ಎಂದು ಹಟಕ್ಕೆ ಬಿದ್ದು ಕೂತಳು.

ಅವಳ ನಕ್ಷೆ ಕಾಗದದ್ದಲ್ಲ. ಮಂಚದಷ್ಟು ಅಗಲದ ಹಸಿರು ಬಟ್ಟೆ. ಒಬ್ಬ ಮುದುಕ ಬಂದು, ಇಲ್ಲಿ ಮದ್ದಿನ ಕೋಣೆ, ಅಲ್ಲಿ ನೀರಿನ ತೊಟ್ಟಿ ಎಂದರೆ ಬಿಳಿ ದಾರದಲ್ಲಿ ಕಚ್ಚಾ ಹೊಲಿಗೆ ಹಾಕುತ್ತಾಳೆ. ಬೇರೆ ಬೇರೆ ವರ್ಷ ಅಲ್ಲಿದ್ದ ಮೂವರು ಅದನ್ನೇ ಹೇಳಿದರೆ ಮಾತ್ರ ಕೆಂಪು ದಾರದಲ್ಲಿ ಪಕ್ಕಾ ಹೊಲಿಗೆ. ತಾಳೆಯಾಗದಿದ್ದರೆ ಮುಲಾಜಿಲ್ಲದೆ ಬಿಚ್ಚಿಬಿಡುತ್ತಾಳೆ. ಈ ಕಟ್ಟುನಿಟ್ಟು ಸುಮ್ಮನೆ ಬಂದದ್ದಲ್ಲ. ಮುದುಕರು ಹೇಳುವುದನ್ನು ಕೇಳಿದರೆ ಆ ನೆಲೆಯಲ್ಲಿದ್ದವರೆಲ್ಲ ಮಹಾ ಧೀರರು. ಹೆದರಿ ಹಾಸಿಗೆ ಒದ್ದೆ ಮಾಡಿಕೊಂಡವನು ಯಾವಾಗಲೂ ಪಕ್ಕದ ಮಂಚದವನು.

ಹತ್ತು ವರ್ಷದಲ್ಲಿ ನೂರಕ್ಕೂ ಹೆಚ್ಚು ಜನರ ನೆನಪು ಆ ಬಟ್ಟೆ ಸೇರಿದೆ. ಒಬ್ಬನದು ಮಾತ್ರ ಸೇರಿಲ್ಲ, ಅವಳ ಅಪ್ಪನದು.

ಅಪ್ಪ ಔಯಾಂಗ್ ತ್ಯೆನ್‌ಫೂ ಆ ನೆಲೆಯ ಅಡುಗೆಮನೆಗೆ ತರಕಾರಿ ಹೊರುತ್ತಿದ್ದವನು. ಅವಳಿಗೆ ಏಳು ವರ್ಷವಿದ್ದಾಗ ಒಂದು ಸಂಜೆ ಹೊರೆ ಇಳಿಸಲು ಹೋದವನನ್ನು ಬೆಳಗ್ಗೆ ಬಾಗಿಲ ಹಲಗೆಯ ಮೇಲೆ ಹೊತ್ತು ತಂದರು. ತಲೆಯಲ್ಲಿ ಗಾಯವಿತ್ತು. ಗುಡ್ಡದ ಕಡೆ ಗುಂಡಿನ ಸದ್ದು ನನ್ನ ಕಿವಿಯಾರೆ ಕೇಳಿದೆ ಎಂದು ಅಮ್ಮ ಅತ್ತಳು. ಆದರೆ ಕೆಲವು ತಿಂಗಳ ಮೇಲೆ ಸರ್ಕಾರಿ ಕಚೇರಿಯಿಂದ ಬಂದ ಕಾಗದದಲ್ಲಿ, 1967, ಎಂಟನೇ ತಿಂಗಳ ಎಂಟು, ಇಳಿಜಾರಿನಲ್ಲಿ ಜಾರಿಬಿದ್ದು ಸಾವು ಎಂದಿತ್ತು. ಎದುರು ದಡದ ಚೀನಾದವರು ಫಿರಂಗಿ ಗುಂಡು ಹಾರಿಸುತ್ತಿದ್ದದ್ದು ಬೆಸ ತಾರೀಕಿನಲ್ಲಿ ಮಾತ್ರ. ಸಮ ತಾರೀಕು ಬಂದರೆ ದ್ವೀಪವೆಲ್ಲ ಬಟ್ಟೆ ಒಗೆದು, ಮದುವೆ ಮಾಡಿ, ಸಿನಿಮಾ ನೋಡುತ್ತಿತ್ತು. ಎಂಟು ಸಮ. ಹಾಗಾದರೆ ಗುಂಡೆಲ್ಲಿಂದ ಬಂತು, ತ್ಯೆನ್‌ಫೂ ಜೋಳದ ಸಾರಾಯಿ ಕುಡಿದು ಬಿದ್ದಿದ್ದಾನೆ ಎಂದು ಊರು ತೀರ್ಮಾನಿಸಿತು. ಶಾಲೆಯಲ್ಲಿ ಅವಳನ್ನು ಸಾರಾಯಿ ಮಗಳು ಎಂದು ಕರೆದರು. ಅಮ್ಮ ಬಾಯಿ ಮುಚ್ಚಿದಳು.

ಈಗ ಸುರಂಗವನ್ನು ಜನರಿಗೆ ತೆರೆಯುತ್ತಾರಂತೆ. ಬಾಗಿಲಲ್ಲಿ ಕಲ್ಲೊಂದನ್ನು ನಿಲ್ಲಿಸಿ, ನೆಲೆಯಲ್ಲಿ ಗುಂಡಿಗೆ ಸತ್ತವರ ಹೆಸರು ಕೆತ್ತಿಸುತ್ತಾರೆ, ಊರವರದೂ ಸೇರಿ. ಪಟ್ಟಿಯಲ್ಲಿ ಅಪ್ಪನಿಲ್ಲ. ಶುಕ್ರವಾರ ಸಂಜೆ ಐದಕ್ಕೆ ಪಟ್ಟಿ ಕಲ್ಲುಕೆಲಸದವರ ಕೈಗೆ ಹೋಗುತ್ತದೆ ಎಂದು ಆ ಕೆಲಸ ನೋಡಿಕೊಳ್ಳುವ ಸರ್ಕಾರಿ ಕಚೇರಿಯ ಹುಡುಗಿ ಲ್ಯು ತಿಳಿಸಿದ್ದಳು. ಅಮ್ಮನಿಗೆ ಎಂಬತ್ತೇಳು. ಇನ್ನೊಂದು ಕಲ್ಲು ನಿಲ್ಲಿಸುವ ತನಕ ಅವಳು ಕಾಯುವಂತಿರಲಿಲ್ಲ.

ಆ ಶುಕ್ರವಾರ ಮೂರು ಗಂಟೆಗೆ ಒಂದು ಬಸ್ಸು ನಿಂತಿತು.

"ಯಾವ ನೆಲೆ?"

"ಶಿಲಿಂಗ್," ಎಂದ ಮುದುಕ. ತೆಳ್ಳಗಿನ ಆಳು, ಹೆಸರು ಲಾಯ್ ಯುನ್‌ಫಾ, ಮಿಯಾವ್‌ಲಿ ಕಡೆಯವನು. "ಅಡುಗೆಮನೇಲಿದ್ದೆ. ಅರವತ್ತಾರು, ಅರವತ್ತೇಳು."

ಬಾವ್‌ಲಿಯನ್ ಸ್ಟೂಲು ಹತ್ತಿರಕ್ಕೆ ಎಳೆದುಕೊಂಡಳು. ಹತ್ತು ವರ್ಷದಲ್ಲಿ ಆ ವರ್ಷದ ಅಡುಗೆಯವನೊಬ್ಬನೂ ಸಿಕ್ಕಿರಲಿಲ್ಲ. ಆದರೂ ಬಾಯಿ ಬಿಡಲಿಲ್ಲ. ಏನು ಬೇಕೆಂದು ಮೊದಲೇ ಹೇಳಿಬಿಟ್ಟರೆ ಮುದುಕರು ಅದನ್ನೇ ಬಡಿಸುತ್ತಾರೆ ಎಂಬುದು ಅವಳ ಅನುಭವ. ಬಟ್ಟೆ ಹರವಿ ಬೆರಳಿಟ್ಟಳು.

"ಅಡುಗೆಮನೆಗೆ ಎರಡು ಬಾಗಿಲು. ಸರೀನಾ ಅಣ್ಣ?"

"ಮೂರು. ಹಿಂದುಗಡೆ ಒಂದಿತ್ತು, ಕದ್ದು ಸಿಗರೇಟು ಸೇದೋಕೆ. ನಿನಗೆ ಹೇಳಿದೋರು ಯಾರು, ಅಧಿಕಾರಿಗಳಾ? ಅವರಿಗೇ ಗೊತ್ತಿರಲಿಲ್ಲ ಬಿಡು ತಂಗಿ." ಲಾಯ್ ನಕ್ಕ. ಆಮೇಲೆ ಬಟ್ಟೆಯ ಮೇಲೆ ಆ ಜಾಗಕ್ಕೆ ಬೆರಳಿಟ್ಟ. "ಆ ಬಾಗಿಲಲ್ಲೇ ಸತ್ತಿದ್ದು."

"ಯಾರು?"

"ತರಕಾರಿಯವನು. ಹೆಸರು ಗೊತ್ತಿಲ್ಲ, ತರಕಾರಿ ಅಣ್ಣ ಅಂತಿದ್ವಿ. ಎಡಗೈ ಹೆಬ್ಬೆರಳಿಗೆ ಉಗುರಿರಲಿಲ್ಲ ಅವನಿಗೆ."

ಉಗುರಿಲ್ಲದ ಆ ಬೆರಳು ಚಕ್ಕೋತದ ಸಿಪ್ಪೆಯೊಳಗೆ ಇಳಿಯುತ್ತಿದ್ದದ್ದು ಬಾವ್‌ಲಿಯನ್‌ಗೆ ನೆನಪಿತ್ತು. ಅಪ್ಪನ ಮುಖ ಮರೆತಿತ್ತು, ಬೆರಳು ಮರೆತಿರಲಿಲ್ಲ.

"ಕುಡಿದಿದ್ದನಾ?" ಎಂದಳು.

"ಕುಡಿದಿದ್ದು ನಾವು. ಅವನು ಖಾಲಿ ಬುಟ್ಟಿ ಹೊತ್ಕೊಂಡು ಗುಡ್ಡ ಇಳೀಬೇಕು ಅಂತ ಬಟ್ಟಲು ಮುಟ್ಟಲೂ ಇಲ್ಲ. ಹುಣ್ಣಿಮೆ ಹಬ್ಬದ ಕೇಕು ಪಣಕ್ಕಿಟ್ಟು ದಾಳ ಹಾಕ್ತಿದ್ವಿ ನಾವು. ಅರ್ಧ ಜನ ಮಾರನೇ ದಿನ ಹಡಗು ಹತ್ತಬೇಕಿತ್ತು, ನಾನೂ ಸೇರಿ. ಅದಕ್ಕೇ ಹಬ್ಬಕ್ಕೆ ವಾರ ಮುಂಚೆನೇ ಆಟ ಇಟ್ಟಿದ್ರು. ಗೆದ್ದ ಖುಷಿಗೆ ಬಟ್ಟಲು ಎತ್ಕೊಂಡು ಬಾಗಿಲಾಚೆ ಹೋಗಿ ಕುಣೀತಿದ್ದೆ. ಅವನು ಬಂದು ಕತ್ತು ಹಿಡಿದು ಒಳಗೆ ನೂಕಿದ. ಪ್ರಚಾರದ ಕರಪತ್ರ ತುಂಬಿದ ಗುಂಡು ಅದು, ಮೇಲೆ ಸಿಡಿದು ಖಾಲಿ ಕವಚ ಬಾಗಿಲಿಗೇ ಬಿತ್ತು. ನಾನು ಒಳಗಿದ್ದೆ. ಅವನಿರಲಿಲ್ಲ."

"ಅವತ್ತು ಸಮ ತಾರೀಕು," ಎಂದುಬಿಟ್ಟಳು ಬಾವ್‌ಲಿಯನ್. ತಡೆದುಕೊಳ್ಳಲು ಆಗಲಿಲ್ಲ. "ಆಗಸ್ಟ್ ಎಂಟು. ಕಾಗದದಲ್ಲಿದೆ."

"ಆಗಸ್ಟಾ?" ಲಾಯ್ ಅವಳನ್ನು ಅನುಮಾನದಿಂದ ನೋಡಿದ. "ಆಗಸ್ಟಲ್ಲಿ ಹುಣ್ಣಿಮೆ ಕೇಕು ಯಾವನು ಮಾಡ್ತಾನೆ? ಬೆಸದ ದಿನ ಅಂತ ತಾನೇ ನಾವೆಲ್ಲ ಸುರಂಗದೊಳಗೆ ಆಡ್ತಿದ್ದಿದ್ದು. ಸಮ ಆಗಿದ್ರೆ ಬಯಲಲ್ಲಿ ಕೂತಿರ್ತಿದ್ವಿ."

ಬಾವ್‌ಲಿಯನ್ ಎದ್ದು ನಿಂತಳು. ಹಬ್ಬ ಎಂಟನೇ ತಿಂಗಳ ಹದಿನೈದಕ್ಕೆ. ಅದಕ್ಕೆ ವಾರ ಮುಂಚೆ ಎಂದರೆ ಎಂಟನೇ ತಿಂಗಳ ಎಂಟು. ಚಾಂದ್ರಮಾನದ ಎಂಟು. ಪ್ರತಿ ವರ್ಷ ಅಪ್ಪನಿಗೆ ಎಡೆ ಇಡುವುದೂ ಅದೇ ದಿನವೇ. ಕಾಗದದಲ್ಲೂ ಎಂಟು-ಎಂಟು, ಎಡೆಗೂ ಎಂಟು-ಎಂಟು, ಸರಿಯಾಗಿದೆಯಲ್ಲ ಎಂದು ಐವತ್ತಾರು ವರ್ಷ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಅವರ ಬರಹದಲ್ಲಿ ಎರಡು ಪಂಚಾಂಗದಲ್ಲೂ ತಿಂಗಳಿಗೆ ಹೆಸರಿಲ್ಲ, ಬರೀ ಅಂಕೆ. ಸಾವು ಬರೆಸಲು ಹೋಗಿದ್ದವನು ತಾತ. ತಾತನಿಗೆ ಗೊತ್ತಿದ್ದದ್ದು ಚಂದ್ರನ ಲೆಕ್ಕ ಒಂದೇ. ಅವನು ಹೇಳಿದ್ದನ್ನು ಗುಮಾಸ್ತ ಸರ್ಕಾರಿ ಕ್ಯಾಲೆಂಡರಿನ ಲೆಕ್ಕಕ್ಕೆ ಬರೆದುಕೊಂಡಿದ್ದ, ಸಮ ದಿನ ಗುಂಡೆಲ್ಲಿ ಎಂದು ಜಾರಿಬಿದ್ದದ್ದೆಂದೂ ಸೇರಿಸಿದ್ದ, ಅಷ್ಟೇ.

"ಕೂತಿರಿ ಅಣ್ಣ. ಎದ್ದರೆ ಕಾಲು ಮುರೀತೀನಿ," ಎಂದು ಹೇಳಿ ಪಕ್ಕದ ಊದುಬತ್ತಿ ಅಂಗಡಿಗೆ ಓಡಿದಳು. ಅಲ್ಲಿ ನೂರು ವರ್ಷದ ಪಂಚಾಂಗವಿತ್ತು, ಜಾತಕ ನೋಡಲು ಇಟ್ಟದ್ದು. ಅಂಗಡಿಯವನು ಯಾರಿಗೆ ಮದುವೆ ಎಂದು ಕೇಳುತ್ತಿದ್ದ, ಅವಳಿಗೆ ಕೇಳಿಸಲಿಲ್ಲ. ಅರವತ್ತೇಳರ ಪುಟ, ಎಂಟನೇ ತಿಂಗಳ ಸಾಲು, ಎಂಟನೇ ದಿನ. ಅದರ ಪಕ್ಕ ಸರ್ಕಾರಿ ತಾರೀಕು: ಸೆಪ್ಟೆಂಬರ್ ಹನ್ನೊಂದು.

ಬೆಸ. ಅವಳು ಆ ಪುಟದ ಮೇಲೆ ಅಂಗೈ ಊರಿ ಗಟ್ಟಿಯಾಗಿ ನಕ್ಕಳು, ಮೈಮೇಲೆ ಏನಾದರೂ ಬಂತೋ ಎಂದು ಅಂಗಡಿಯವನು ಹಿಂದೆ ಸರಿದ.

ನಾಲ್ಕೂಕಾಲಿಗೆ ಕಚೇರಿಯ ಲ್ಯು ಫೋನ್ ಎತ್ತಿದಳು. ಬಾವ್‌ಲಿಯನ್ ಒಂದೇ ಉಸಿರಿಗೆ ಎಲ್ಲ ಹೇಳಿದಳು.

"ಆಂಟಿ, ಒಬ್ಬರ ಮಾತು ಸಾಕಾಗಲ್ಲ ಅಂತ ನೀವೇ ಅಲ್ವಾ ಹೇಳೋದು. ಮೂವರು ಬೇಕು ಅಂತ ನನ್ನ ಪಟ್ಟೀಲೇ ನಾಲ್ಕು ಹೆಸರು ಹೊಡೆದು ಹಾಕಿಸಿದೀರಿ."

"ಮೂವರಿದ್ದಾರೆ ಮಗಳೇ. ಲಾಯ್ ಅಣ್ಣ ಒಬ್ಬರು. ಸದ್ದು ಕೇಳಿದ ನಮ್ಮಮ್ಮ ಒಬ್ಬಳು. ಮೂರನೇದು ನಿಮ್ಮ ಕಾಗದ. ಎಂಟನೇ ತಿಂಗಳ ಎಂಟು ಅಂತ ಅದೇ ಹೇಳ್ತಿದೆ, ಯಾವ ಪಂಚಾಂಗದ್ದು ಅಂತ ನೀವು ಕೇಳಲಿಲ್ಲ ಅಷ್ಟೇ."

ಆ ಕಡೆ ಲ್ಯು ಕಂಪ್ಯೂಟರಿನ ಕೀಲಿ ಒತ್ತುವ ಸದ್ದು ಕೇಳಿತು.

"ಹನ್ನೊಂದು," ಎಂದಳು ಲ್ಯು. "ಅವತ್ತು ಸಂಜೆ ಶಿಲಿಂಗ್ ಮೇಲೆ ಕರಪತ್ರದ ಗುಂಡು ಬಿದ್ದಿದ್ದು ನಮ್ಮ ದಾಖಲೆ ಪುಸ್ತಕದಲ್ಲೂ ಇದೆ ಆಂಟಿ. ಯಾರೂ ಸತ್ತಿಲ್ಲ ಅಂತ ಬರೆದಿದ್ದಾರೆ." ಅವಳ ದನಿ ಬದಲಾಗಿತ್ತು. "ಲಾಯ್ ಅವರ ಹೇಳಿಕೆ ಬರೆದು ಸಹಿ ಹಾಕಿಸಿ ಫೋಟೋ ಕಳಿಸಿ. ಪಟ್ಟಿ ಇನ್ನೂ ನನ್ನ ಮೇಜಿನ ಮೇಲಿದೆ. ನಿಮ್ಮಪ್ಪನ ಹೆಸರು ಸೇರಿಸ್ತೀನಿ."

ಹೊರಗೆ ಬಸ್ಸು ಹಾರ್ನ್ ಹೊಡೆಯಿತು. ಲಾಯ್ ಏಳಲಿಲ್ಲ. ಅವಳ ಮುಖವನ್ನೂ ಫೋನನ್ನೂ ನೋಡುತ್ತಿದ್ದವನಿಗೆ ವಿಷಯ ಆಗಲೇ ಅರ್ಥವಾಗಿತ್ತು.

"ನೀನು ಅವನ ಮಗಳು," ಎಂದ.

"ಹೌದು. ನಮ್ಮಮ್ಮ ಹಿಂದುಗಡೆ ಕೋಣೇಲಿದ್ದಾಳೆ. ಬನ್ನಿ."

ಅಮ್ಮ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಳು. ಬಾವ್‌ಲಿಯನ್ ಅವಳ ಕಿವಿಯ ಹತ್ತಿರ ಬಾಗಿ ಎಲ್ಲ ಹೇಳಿದಳು, ಸಂಭ್ರಮಕ್ಕೆ ಮಾತು ಹಿಂದುಮುಂದಾಗಿ ಎರಡು ಸಲ ಹೇಳಬೇಕಾಯಿತು. ಅಮ್ಮ ಅಳುತ್ತಾಳೆ ಎಂದುಕೊಂಡಿದ್ದಳು. ಅಮ್ಮ ಬಾಗಿಲಲ್ಲಿ ಟೋಪಿ ಹಿಡಿದು ನಿಂತ ಮುದುಕನನ್ನು ಮೇಲಿಂದ ಕೆಳಗೆ ನೋಡಿದಳು.

"ನೀನೇನಾ ದಾಳ ಹಾಕ್ತಿದ್ದೋನು?"

"ಹೌದಮ್ಮ."

"ಗೆದ್ದೆಯಾ?"

"ಗೆದ್ದೆ. ದೊಡ್ಡ ಕೇಕೇ ಬಂತು."

"ತಿಂದೆಯಾ?"

ಲಾಯ್ ಇಲ್ಲವೆಂದು ತಲೆ ಅಲ್ಲಾಡಿಸಿದ.

ಅಮ್ಮ ಬೆಳ್ಳುಳ್ಳಿಯ ತಟ್ಟೆ ಪಕ್ಕಕ್ಕೆ ಸರಿಸಿ ಮಗಳ ಕಡೆ ತಿರುಗಿದಳು.

"ಎಡೆಗೆ ನಿಮ್ಮಪ್ಪನಿಗೆ ಏನಿಡ್ತೀನಿ ನಾನು?"

"ಚಹಾ," ಎಂದಳು ಬಾವ್‌ಲಿಯನ್. ಬೇರೆ ಮನೆಗಳಲ್ಲಿ ಸತ್ತವರಿಗೆ ಸಾರಾಯಿ ಇಡುತ್ತಾರೆ, ತಮ್ಮಲ್ಲಿ ಚಹಾ ಇಡುವುದು ಪದ್ಧತಿ ಎಂದೇ ಅವಳು ತಿಳಿದಿದ್ದಳು.

"ಹಬ್ಬದ ದಿನ ಒಂದು ಬಟ್ಟಲು ಸಾರಾಯಿ ಸಿಕ್ಕರೆ ಎಷ್ಟು ಖುಷಿ ಪಡ್ತಿದ್ರು ಗೊತ್ತಾ? ಐವತ್ತಾರು ವರ್ಷ ಒಂದು ತೊಟ್ಟು ಕೊಡಲಿಲ್ಲ ನಾನು. ಊರವರು ಹೇಳಿದ್ದನ್ನ ನಾನೂ ನಂಬಿಬಿಟ್ಟಿದ್ದೆ ಕಣೇ." ಅಮ್ಮ ಕಣ್ಣೊರೆಸಿಕೊಂಡಳು, ಬೆಳ್ಳುಳ್ಳಿ ಕೈಯೆಂದು ಮರೆತು. "ಹೋಗು, ಬಾಟ್ಲು ತಗೊಂಡು ಬಾ. ಸಣ್ಣದು ತರಬೇಡ."