ವಾರಗಿತ್ತಿಯ ತುಕ್ಕು

ನಿಗಾಟಾ ಊರಿನ ಫುಮಿಯೆಗೆ ಎರಡು ವರ್ಷದಿಂದ ಬೆಳಿಗ್ಗೆ ಹಾಸಿಗೆ ಬಿಟ್ಟೇಳುವುದೇ ದೊಡ್ಡ ಕೆಲಸವಾಗಿತ್ತು. ಅತ್ತೆ ಅದನ್ನು ಸೋಮಾರಿತನ ಎನ್ನುತ್ತಿದ್ದಳು. ಆಮೇಲೆ ವಾರಗಿತ್ತಿ ಮಿತ್ಸುಯೊಗೂ ಅದೇ ಮಂಕು ಕವಿಯಿತು. ಅವಳು ಆಸ್ಪತ್ರೆಯೊಂದರ ಖಿನ್ನತೆಯ ಅಧ್ಯಯನಕ್ಕೆ ಸೇರಿದಳು. ಕಬ್ಬಿಣಕ್ಕೆ ತುಕ್ಕು ಹಿಡಿಸುವಂಥ ಆಕ್ಸಿಡೀಕರಣದಿಂದ ಅವಳ ಜೀವಕೋಶಗಳಿಗೆ ಹಾನಿ ಹೆಚ್ಚಾಗಿದೆಯೆಂದು ಮೂತ್ರ ಪರೀಕ್ಷೆಯಲ್ಲಿ ಬಂತು.

"ಪಾಪ, ಮಿತ್ಸುಯೊಗೆ ಮೈಯೊಳಗೇ ತುಕ್ಕು ಹಿಡಿದಿದೆಯಂತೆ ಕಣೇ!" ಎಂದು ಫುಮಿಯೆಗೆ ಹೇಳುತ್ತ ಅತ್ತೆ ಕಿರಿಯ ಸೊಸೆಗೆ ಕಾಕಿ ಹಣ್ಣು ಸುಲಿದು ಕೊಟ್ಟಳು.

ಫುಮಿಯೆಯ ಹೊಟ್ಟೆಗೆ ಬೆಂಕಿ ಬಿತ್ತು. ಯಾರಿಗೂ ಹೇಳದೆ ಅದೇ ಅಧ್ಯಯನಕ್ಕೆ ಹೆಸರು ಕೊಟ್ಟಳು. ತನ್ನ ಪರೀಕ್ಷೆಯ ಅಂಕಿ ವಾರಗಿತ್ತಿಯದಕ್ಕಿಂತ ಮೇಲಿರಲಿ ಎಂದು ಗುಡಿಗೆ ಹೋಗಿ ಕೈಮುಗಿದಳು. ಆದರೆ ಅವಳ ಅಂಕಿ ಆರೋಗ್ಯವಂತರದಷ್ಟೇ ಇತ್ತು.

"ಅವಳಿಗೆ ತುಕ್ಕಾದ್ರೂ ಸಿಕ್ತು, ನನಗೆ ಅದೂ ಇಲ್ವಲ್ಲ ಡಾಕ್ಟ್ರೇ," ಎಂದು ಅತ್ತಳು.

ಡಾಕ್ಟರ್ ಕುರೊಸಾಕ ನಗಲಿಲ್ಲ. "ನೂರಾರು ಜನರನ್ನ ಒಟ್ಟಿಗೆ ನೋಡಿದಾಗ ಖಿನ್ನತೆ ಇರೋರಲ್ಲಿ ಈ ಹಾನಿ ಸ್ವಲ್ಪ ಜಾಸ್ತಿ ಕಾಣುತ್ತೆ, ಅಷ್ಟೇ. ಯಾವುದರಿಂದ ಯಾವುದು ಅಂತ ನಮಗೂ ಪೂರ್ತಿ ಗೊತ್ತಿಲ್ಲ. ಒಬ್ಬೊಬ್ಬರ ದುಃಖ ಅಳೆಯೋಕೆ ಇದು ಆಗಲ್ಲಮ್ಮ. ನಿಮಗಿರೋದೂ ಖಿನ್ನತೆನೇ," ಎಂದು ಚಿಕಿತ್ಸೆ ಶುರುಮಾಡಿದರು.

ಫುಮಿಯೆ ಅದನ್ನು ಮನೆಯಲ್ಲಿ ಎಲ್ಲರೆದುರೇ ಹೇಳಿದಳು.

"ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲ?" ಎಂದಳು ಅತ್ತೆ.

"ಬಿಟ್ಟಿದ್ದೆ. ಸೋಮಾರಿ ಅಂದ್ರಿ."

ಅತ್ತೆ ಇನ್ನೊಂದು ಕಾಕಿ ಹಣ್ಣು ಸುಲಿದು ಅವಳ ಮುಂದಿಟ್ಟಳು.

ಮರುವಾರದಿಂದ ವಾರಗಿತ್ತಿಯರಿಬ್ಬರೂ ಒಂದೇ ಬಸ್ಸಿನಲ್ಲಿ ಆಸ್ಪತ್ರೆಗೆ ಹೋಗತೊಡಗಿದರು. ಏಳೆಂಟು ತಿಂಗಳಲ್ಲಿ ಫುಮಿಯೆ ಚೇತರಿಸಿಕೊಂಡಳು. ಮಿತ್ಸುಯೊ ತನಗಿಂತ ಒಂದು ತಿಂಗಳು ಮೊದಲೇ ಗುಣವಾದದ್ದನ್ನು ಮಾತ್ರ ಅವಳಿಂದ ಸಹಿಸಲಾಗಲಿಲ್ಲ.