ಬರೀ ಬಾಟ್ಲಿ ವಾಪಸ್ ಕೊಡದ ಊರು

ಬೆಳಿಗ್ಗೆ ಆರೂಕಾಲು. ಹಿತ್ತಲಿನ ನನ್ನ ಬಾಡಿಗೆ ಕೋಣೆಯಿಂದ ಮುಂದಕ್ಕೆ ಬಂದಾಗ ಮನೆಯ ಯಜಮಾನ ಮಲ್ಲೇಶಪ್ಪ ಜಗಲಿಯ ಮೇಲೆ ಕುಳಿತಿದ್ದರು. ಎಲ್ಲಿಗೂ ಹೋಗಿ ಬಂದಿರಲಿಲ್ಲ. ಆದರೂ ವನಗೂರಿನ ಏರು ಹತ್ತಿ ಬಂದವರ ಹಾಗೆ ಎದೆಯ ತಳದಿಂದ ಉಸಿರು ಎಳೆಯುತ್ತಿದ್ದರು. ಎಳೆಯುವುದು, ಬಿಡುವುದು, ಮತ್ತೆ ಎಳೆಯುವುದು.

ಆ ಉಸಿರಿನ ಬಗ್ಗೆ ನಾನು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ದೇಹದ ಆಮ್ಲವನ್ನು ಮೂತ್ರಪಿಂಡಗಳು ಹೊರಹಾಕದೆ ಹೋದಾಗ ಶ್ವಾಸಕೋಶ ಆ ಕೆಲಸಕ್ಕೂ ಹೆಗಲು ಕೊಡುತ್ತದೆ. ಪುಸ್ತಕದಲ್ಲಿ ಅದಕ್ಕೆ ಸದ್ದಿರಲಿಲ್ಲ.

ನಾನು ಮಲೆನಾಡಿನ ಈ ಯಸಳೂರಿಗೆ ಬಂದದ್ದು ತೊಂಬತ್ತರ ದಶಕದ ಕೊನೆಯಲ್ಲಿ, ಮೂತ್ರಪಿಂಡದ ಸಂಶೋಧನೆಗೆಂದೇ. ನಮ್ಮ ಇಂಡಿ ಕಡೆ ಬಿಸಿಲಲ್ಲಿ ದುಡಿಯುವವರಿಗೆ ಕಿಡ್ನಿಯಲ್ಲಿ ಕಲ್ಲಾಗುವುದು ನಿಮಗೆಲ್ಲ ಗೊತ್ತು. ಇಷ್ಟು ಮಳೆ ಸುರಿಯುವ ಈ ಬೆಟ್ಟದಲ್ಲೂ ಯಾಕಾಗುತ್ತದೆ ಎಂಬುದು ನನ್ನ ಪ್ರಶ್ನೆ. ಊರವರ ಮೂತ್ರ ಸಂಗ್ರಹಿಸಿ ಅದರಲ್ಲಿ ಆಮ್ಲ ಎಷ್ಟಿದೆಯೆಂದು ಅಳೆಯುವ ಹೆಂಗಸಿಗೆ ಯಾರು ಕೋಣೆ ಕೊಡುತ್ತಾರೆ? ಕೋಣೆ ಕೊಡುವ ಮುಂಚೆ ಮಲ್ಲೇಶಪ್ಪನವರ ಹೆಂಡತಿ ಗೌರಮ್ಮ ಒಂದೇ ಮಾತು ಕೇಳಿದರು: "ಅದನ್ನ ಅಡಿಗೆಮನೇಲಿ ಇಡಾಕಿಲ್ಲ ತಾನೆ?"

ಊರಿಂದ ತಂದ ಜೋಳದ ಹಿಟ್ಟು ಬೇಗ ಮುಗಿಯಿತು. ಅಕ್ಕಿ ರೊಟ್ಟಿ ಎಷ್ಟು ತಿಂದರೂ ಊಟವಾಯಿತು ಅನ್ನಿಸುತ್ತಿರಲಿಲ್ಲ. ಒಮ್ಮೆ ಗೌರಮ್ಮನಿಗೆ ಡಬ್ಬಿಯಲ್ಲಿ ರೊಟ್ಟಿಗೆ ಹಚ್ಚಿಕೊಂಡು ತಿನ್ನುವ ನಮ್ಮ ಶೇಂಗಾ ಹಿಂಡಿ ಕೊಟ್ಟೆ. ಡಬ್ಬಿ ಘಮಘಮಿಸುವ ಕಾಫಿಪುಡಿ ತುಂಬಿಕೊಂಡು ವಾಪಸ್ ಬಂತು. ನಮ್ಮಲ್ಲೂ ಹಾಗೆಯೇ ಅಲ್ಲವೇ, ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡುತ್ತೇವೆ. ಇಲ್ಲಿ ಇರಬಲ್ಲೆ ಎಂದು ನನಗೆ ಅನ್ನಿಸಿದ್ದು ಅವತ್ತು.

ಮಲ್ಲೇಶಪ್ಪನವರಿಗೂ ಕಲ್ಲಿನ ತೊಂದರೆಯಿತ್ತು. ಸಂಜೆ ನಾನು ಜಗಲಿಯ ಮೇಲಿಟ್ಟ ಬಾಟ್ಲಿ ಮರುದಿನ ತುಂಬಿರುತ್ತಿತ್ತು. ಒಂದು ದಿನವೂ ತಪ್ಪಿರಲಿಲ್ಲ.

"ಯಾವಾಗಿಂದ ಹಿಂಗ ಆಗೇದ್ರಿ? ಮೂತ್ರ ಸರಿ ಹೋಗತೈತೇನ್ರಿ?" ಎಂದು ಆ ಬೆಳಿಗ್ಗೆ ಅವರನ್ನು ಕೇಳಿದೆ.

ಅವರು ನೆಲ ನೋಡಿದರು. ಗೌರಮ್ಮ ಉತ್ತರಿಸಿದರು: "ನಿನ್ನೆ ಬಾಟ್ಲಿ ತುಂಬಿ ಕೊಟ್ಟವ್ರಲ್ಲವ್ವಾ."

ಹೌದು. ನಿನ್ನೆಯದನ್ನೂ ಮೊನ್ನೆಯದನ್ನೂ ಪರೀಕ್ಷಿಸಿದ್ದೆ. ಎರಡೂ ಚೆನ್ನಾಗಿದ್ದವು.

"ಅದು ನಂದಲ್ಲ ಕಣಮ್ಮ," ಎಂದರು ಮಲ್ಲೇಶಪ್ಪ, ಉಸಿರಿನ ನಡುವೆ. "ಎರಡು ದಿನದಿಂದ ಒಂದು ತೊಟ್ಟೂ ಇಲ್ಲ. ಪಕ್ಕದ್ಮನೇಲಿರೋ ನನ್ ತಮ್ಮನ ಕೈಲಿ ತುಂಬಿಸ್ಬುಟ್ಟೆ."

"ಯಾಕ್ರೀ?"

"ಅಷ್ಟು ದೂರದಿಂದ ಬಂದಿದ್ದೀರ. ಬರೀ ಬಾಟ್ಲಿ ವಾಪಸ್ ಕೊಡಕ್ಕಾಯ್ತದಾ?"

"ಅದೇನು ಪಾಯಸದ ಪಾತ್ರೆನಾ, ಮಾರಾಯ!" ಎಂದು ಗೌರಮ್ಮ ಹಣೆ ಚಚ್ಚಿಕೊಂಡರು.

ಪಕ್ಕದ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಜೀಪು ತಂದರು. ರಕ್ತ ಶುದ್ಧಿ ಮಾಡುವ ಯಂತ್ರಕ್ಕಾಗಿ ಮಂಗಳೂರಿಗೇ ಹೋಗಬೇಕಿತ್ತು. ಸಕಲೇಶಪುರ ದಾಟುವಾಗ ಮಲ್ಲೇಶಪ್ಪ ಇನ್ನೊಂದು ವಿಷಯ ಹೇಳಿದರು. ಕಲ್ಲು ಕರಗಲೆಂದು ವಾರದಿಂದ ಖಾಲಿ ಹೊಟ್ಟೆಗೆ ಲೋಟಗಟ್ಟಲೆ ದಾರೆಹುಳಿಯ ರಸ ಕುಡಿಯುತ್ತಿದ್ದರಂತೆ. ದಾರೆಹುಳಿ ಎಂದರೆ ಅಡ್ಡ ಕೊಯ್ದರೆ ನಕ್ಷತ್ರದಂತೆ ಕಾಣುವ ಹಣ್ಣು. ನಮ್ಮ ಕಡೆ ನಾನು ಕಂಡಿರಲಿಲ್ಲ. ಅದರಲ್ಲಿರುವ ಲವಣವೊಂದು ಮೂತ್ರಪಿಂಡದೊಳಗೆ ಹರಳುಗಟ್ಟಿತ್ತು ಎಂದು ಆಸ್ಪತ್ರೆಯಲ್ಲಿ ಆಮೇಲೆ ತಿಳಿಯಿತು.

"ಬದುಕ್ತಾರಾ?" ಎಂದು ಗೌರಮ್ಮ ಕೇಳಿದರು.

"ಹಿಂಗ ಜೋರ್ ಉಸಿರಾಡೋತನಕಾ ಚಿಂತಿ ಇಲ್ರಿ," ಎಂದೆ.

ಘಾಟಿ ಇಳಿದು ಗುಂಡ್ಯ ದಾಟಿದ ಮೇಲೆ ಆ ಉಸಿರು ಮೆಲ್ಲಗಾಯಿತು. "ಸುಧಾರಿಸ್ತು," ಎಂದು ಗೌರಮ್ಮ ಸೆರಗಿನಿಂದ ಗಂಡನ ಮುಖ ಒರೆಸಿದರು. ಸುಧಾರಿಸಿರಲಿಲ್ಲ, ಉಸಿರೆಳೆದು ಎಳೆದು ದೇಹ ಸೋತಿತ್ತು. ನಾನು ಹೇಳಲಿಲ್ಲ. ಮಲ್ಲೇಶಪ್ಪನವರ ಮಣಿಕಟ್ಟು ಹಿಡಿದು ರಸ್ತೆ ನೋಡುತ್ತಾ ಕುಳಿತೆ. ಅಳು ಬರಲಿಲ್ಲ, ಏನೂ ಬರಲಿಲ್ಲ.

ಅವರು ಉಳಿದರು. ಯಂತ್ರ ಕೆಲವು ವಾರ ಅವರ ಕಿಡ್ನಿಯ ಕೆಲಸ ಮಾಡಿತು. ಆದರೆ ನನಗೆ ಆ ರಸ್ತೆ ಮುಗಿಯಲೇ ಇಲ್ಲ. ನಿದ್ದೆ ಹತ್ತಿದರೆ ಕನಸಿನಲ್ಲಿ ಜೀಪು ಮತ್ತೆ ಗುಂಡ್ಯ ದಾಟುತ್ತಿತ್ತು. ರಜೆಗೆ ಇಂಡಿಗೆ ಬಂದಾಗ ಅವ್ವ ಕೊಡ ಇಳಿಸಿ ಏದುಸಿರು ಬಿಟ್ಟರೆ ಸಾಕು, ಓಡಿ ಹೋಗಿ ಅವಳ ಎದೆ ನೋಡುತ್ತಿದ್ದೆ. "ಅಲ್ಲಿ ಏನ್ ಕಂಡ್ ಬಂದಿ ನೀ?" ಎಂದಳು. ಏನಿಲ್ಲ ಎಂದೆ. ನಮ್ಮ ಮನೆಯಲ್ಲಿ ಎಲ್ಲ ಶಾಂತವಾಗಿದ್ದಷ್ಟೂ ಯಸಳೂರಿನ ಜಗಲಿಯ ಚಿಂತೆ ಹೆಚ್ಚಾಗಿ, ರಜೆ ಮುಗಿಯುವ ಮೊದಲೇ ಬಸ್ಸು ಹತ್ತಿದೆ.

ಅಷ್ಟರಲ್ಲಿ ಮಲ್ಲೇಶಪ್ಪ ಮನೆಗೆ ಬಂದಿದ್ದರು. ಸಣ್ಣಗಾಗಿದ್ದರು. ನಾನು ಕೇಳದಿದ್ದರೂ ಒಂದು ಬೆಳಿಗ್ಗೆ ಅರ್ಧ ತುಂಬಿದ ಬಾಟ್ಲಿ ತಂದು ಕೈಗಿಟ್ಟರು.

"ನಂದೇ ಕಣಮ್ಮ. ಬೇಕಾದ್ರೆ ಗೌರೀನ ಕೇಳಿ."

"ಥೂ! ನಾನ್ಯಾಕ್ ನೋಡ್ಲಿ ಅದ್ನ!" ಎಂದು ಒಳಗಿನಿಂದ ಗೌರಮ್ಮ ಕೂಗಿದರು.

ಪರೀಕ್ಷಿಸಿದೆ. ಮೂತ್ರಪಿಂಡ ಮತ್ತೆ ಆಮ್ಲವನ್ನು ಹೊರಹಾಕುತ್ತಿತ್ತು. ಆ ರಾತ್ರಿ ಕನಸಿನಲ್ಲಿ ಜೀಪು ಬರಲಿಲ್ಲ. ಎಚ್ಚರವಾದಾಗ ಬೆಳಕಾಗಿತ್ತು, ಅಡಿಗೆಮನೆಯಿಂದ ರೊಟ್ಟಿ ತಟ್ಟುವ ಸದ್ದು ಬರುತ್ತಿತ್ತು. ಜೋಳದ ರೊಟ್ಟಿಯ ಬಡಿತಕ್ಕಿಂತ ಮೆತ್ತಗಿನ ಸದ್ದು ಅದು. ಆದರೂ ಮಲಗಿದಲ್ಲಿಂದಲೇ "ಅವ್ವಾ" ಎಂದೆ.

"ಓ," ಎಂದರು ಗೌರಮ್ಮ.

ಇಬ್ಬರಲ್ಲಿ ಯಾರನ್ನು ಕರೆದೆನೋ, ಈಗಲೂ ಹೇಳಲಾರೆ.