ನೆಲ ಮುಟ್ಟದ ಹೂವು

ಮೊನ್ನೆ ಬೆಳಗ್ಗೆ ಕಾಂದಿವಲಿಯಲ್ಲಿ ರಿಕ್ಷಾಕ್ಕೆ ಕಾಯುತ್ತಿದ್ದಾಗ ಆಕಾಶಮಲ್ಲಿಗೆಯ ವಾಸನೆ ಬಂತು. ಮರ ಕಾಣಲಿಲ್ಲ, ಯಾವ ಕಾಂಪೌಂಡಿನ ಒಳಗಿತ್ತೋ. ಬಂದ ರಿಕ್ಷಾ ಬಿಟ್ಟು ಅಲ್ಲೇ ನಿಂತೆ. ಹೇಳದೆ ಕೇಳದೆ ಬಂದು ಕೈ ಹಿಡಿಯುವ ಇಂಥದ್ದೊಂದು ವಾಸನೆ ನಿಮಗೂ ಇರಬಹುದು.

ಎಪ್ಪತ್ತರ ಆಸುಪಾಸಿನಲ್ಲಿ ಘಾಟ್ಕೋಪರ್‌ನ ನಮ್ಮ ಚಾಳಿನ ಮುಂದೆ ರಸ್ತೆಯ ಎರಡೂ ಬದಿಗೆ ಈ ಮರಗಳೇ. ನೆಟ್ಟಗೆ ಬೆಳೆಯುತ್ತದೆ, ಬಸ್ಸಿಗೆ ಅಡ್ಡ ಬರುವುದಿಲ್ಲ, ಬೀದಿಗೂ ಅಂದ ಎಂದು ಮುನ್ಸಿಪಾಲಿಟಿಯವರು ಸಾಲಾಗಿ ನೆಟ್ಟಿದ್ದರು. ಮಳೆ ನಿಂತದ್ದೇ ತಡ, ಉದ್ದ ತೊಟ್ಟಿನ ಬಿಳಿ ಹೂಗಳು ಗೊಂಚಲು ಗೊಂಚಲಾಗಿ ತೂಗುತ್ತಿದ್ದವು. ಬೆಳಗಾಗುವಾಗ ಫುಟ್‌ಪಾತೆಲ್ಲ ಬೆಳ್ಳಗೆ. ಆ ವರ್ಷ ಅಜ್ಜ ತೀರಿಕೊಂಡ ಮೇಲೆ ಅಪ್ಪ ಅಜ್ಜಿಯನ್ನು ಉಡುಪಿಯ ಕಡೆಯಿಂದ ಕರೆತಂದಿದ್ದ. ಅವಳ ಮಗ್ಗುಲಲ್ಲಿ ಮಲಗುವುದೆಂದರೆ ನನಗೆ ಸ್ವರ್ಗ. ಅವಳಿಗೋ ಒಂದೇ ಕೊರಗು, ದೇವರಿಗೆ ಹೂವಿಲ್ಲ. ಪೇಟೆಯ ಹೂವು ಯಾರ್ಯಾರ ಕೈ ದಾಟಿ ಬಂದದ್ದೋ. ಮರದ್ದು ಎಟುಕುವುದಿಲ್ಲ, ನೆಲಕ್ಕೆ ಬಿದ್ದದ್ದು ಪೂಜೆಗೆ ಆಗುವುದಿಲ್ಲ. "ಪಾರಿಜಾತವೂ ಬಿದ್ದದ್ದೇ ಅಲ್ವಾ?" ಎಂದು ವಾದಿಸಿದರೆ, "ಅದರ ಲೆಕ್ಕ ಬೇರೆ ಮಗಾ" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದಳು. ಒಂದು ಸಂಜೆ ಸೀರೆಗಳನ್ನು ಮಡಚಿ ಟ್ರಂಕಿಗೆ ತುಂಬತೊಡಗಿದಳು. "ದೇವರನ್ನು ಬೋಳು ಕೂರಿಸಿ ನಂಗೆ ಅನ್ನ ಇಳಿಯುದಿಲ್ಲ. ನನ್ನನ್ನು ಊರಿಗೆ ಬಿಟ್ಟು ಬಾ" ಎಂದಳು ಅಪ್ಪನಿಗೆ. ನಾನು ಅತ್ತು ಊಟ ಬಿಟ್ಟೆ.

ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದ ಅಪ್ಪನದು ಮಾತು ಕಡಿಮೆ. ಮರುದಿನ ನಸುಕಿನಲ್ಲಿ ಒಗೆದ ಪಂಚೆಯೊಂದನ್ನು ಹಿಡಿದು, ನನ್ನನ್ನು ಎಬ್ಬಿಸಿಕೊಂಡು ಕೆಳಗಿಳಿದ. ಮರದಡಿಯಲ್ಲಿ ಇಬ್ಬರೂ ಅದನ್ನು ಬಿಡಿಸಿ ಹಿಡಿದೆವು. ಹಾಲಿಗೆ ಹೊರಟಿದ್ದ ಪಕ್ಕದ ಮನೆಯ ಕಮಲಾತಾಯಿ ಏನೆಂದು ಕೇಳಿ ನಕ್ಕಳು. ಬಾಟಲಿ ಕೆಳಗಿಟ್ಟು ತಾನೂ ಒಂದು ಮೂಲೆ ಹಿಡಿದಳು. ಗಾಳಿ ಬಂದಾಗಲೆಲ್ಲ ಹೂವು ಪಂಚೆಯ ಮೇಲೆ ಉದುರಿದವು. ಗ್ಯಾಲರಿಯಲ್ಲಿ ನಿಂತು ನೋಡುತ್ತಿದ್ದ ಅಜ್ಜಿಗೆ ಕಮಲಾತಾಯಿ ಕೆಳಗಿನಿಂದಲೇ ಸಾಕ್ಷಿ ಹೇಳಿದಳು: "ಆಜಿ, ಜಮೀನ್ ಕೋ ಲಗಾ ನಹೀ. ಮೈ ದೇಖ್‌ತೀ ಹೂಂ." ನೆಲಕ್ಕೆ ತಾಗಿಲ್ಲ, ನಾನು ನೋಡುತ್ತಿದ್ದೇನೆ ಎಂದದ್ದು ಹಿಂದಿ ಬಾರದ ಅಜ್ಜಿಗೂ ಅರ್ಥವಾಯಿತು. ಆದರೂ ಒಂದೊಂದನ್ನೂ ತಿರುಗಿಸಿ, ಮಣ್ಣು ಹತ್ತಿದೆಯೇ ನೋಡಿಯೇ ದೇವರಿಗೇರಿಸಿದಳು. ವಾರ ಕಳೆಯುವಷ್ಟರಲ್ಲಿ ತಾನೇ ಕೆಳಗೆ ಬಂದು ನಿಂತು "ಇಕಡೆ, ಇಕಡೆ" ಎಂದು ಮರಾಠಿಯಲ್ಲಿ ಹುಕುಂ ಮಾಡುತ್ತಿದ್ದಳು. ಮಿಕ್ಕ ಹೂವಿನ ತೊಟ್ಟುಗಳನ್ನೇ ಹೆಣೆದು, ದಾರವಿಲ್ಲದೆ, ಕಮಲಾತಾಯಿಯ ಹುಡುಗಿಯರಿಗೆ ಜಡೆಗೆ ಮುಡಿಸುತ್ತಿದ್ದಳು.

ಚಳಿ ಕಳೆಯುತ್ತ ಹೂವು ಕಡಿಮೆಯಾದವು. ಒಂದು ಬೆಳಗ್ಗೆ ಪಂಚೆ ಬರಿದಾಗಿಯೇ ಮೇಲೆ ಬಂದಾಗ ನಾನು ಟ್ರಂಕಿನ ಕಡೆ ನೋಡಿದೆ. ಅಜ್ಜಿ ಮಾತ್ರ, "ಮರಕ್ಕೂ ಪುರುಸೊತ್ತು ಬೇಡ್ವಾ? ಮುಂದಿನ ವರ್ಷ ಬಿಡ್ತದೆ. ಅಲ್ಲಿವರೆಗೆ ದೇವರು ತುಳಸಿಯಲ್ಲಿ ಸುಧಾರಿಸಲಿ" ಎಂದಳು. ಅಷ್ಟು ಸುಖದ ಮಾತನ್ನು ನಾನು ಮತ್ತೆ ಕೇಳಿಲ್ಲ.

ಎಷ್ಟೋ ವರ್ಷಗಳ ಮೇಲೆ, ಮರದಲ್ಲಿ ಒಂದು ಮೊಗ್ಗೂ ಇಲ್ಲದ ಬೇಸಿಗೆಯಲ್ಲಿ ಅವಳು ಹೋದಳು. ಪೇಟೆಯ ಹೂವನ್ನೇ ಹೊದಿಸಿ ಕಳಿಸಿದೆವು. ಅದು ನನ್ನನ್ನು ಈಗಲೂ ಕೊರೆಯುತ್ತದೆ. ಊರಿನಿಂದ ಬಂದ ದೊಡ್ಡಪ್ಪ, ಅಸ್ಥಿಯನ್ನು ಊರಿನ ಹೊಳೆಯಲ್ಲೇ ಬಿಡಬೇಕು ಎಂದ. ಅಪ್ಪ, "ಬೇಡ ಅಣ್ಣ. ಅಮ್ಮ ಇಲ್ಲಿಯವಳು" ಎಂದ.